ಮಲಗಿದವರ ಅಳತೆ

ಹೊಲಿಗೆಗೆ ಬರುವ ಬಟ್ಟೆಗಳಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ನಾನು ಬಹಳ ವರ್ಷ ಜಂಬಪಟ್ಟುಕೊಂಡಿದ್ದೆ. ರಾಯದುರ್ಗದಲ್ಲಿ ಮೂವತ್ತು ವರ್ಷ ಮಷಿನ್ ತುಳಿದವಳು ನಾನು. ಜೀನ್ಸ್ ಪ್ಯಾಂಟಿನ ಜೇಬನ್ನು ಪಕ್ಕದ ಮನೆಯವಳ ಜೊತೆ ಮಾತಾಡುತ್ತಲೇ ಕೂರಿಸಿಬಿಡುತ್ತೇನೆ, ಒಂದು ಗೆರೆ ಆಚೀಚೆ ಆಗುವುದಿಲ್ಲ. ಆ ಜಂಬ ಇಳಿದದ್ದು ಮೊನ್ನೆ, ಕನ್ನಡಕ ಹಾಕಿದ ಒಬ್ಬ ಗಿರಾಕಿ ಬಂದು ಹಸಿರು ಗಂಟೊಂದನ್ನು ಮೇಜಿನ ಮೇಲಿಟ್ಟಾಗ.

"ಜಿಪ್ ಪೋಯಿಂದಮ್ಮಾ, ಸಾಯಂತ್ರಾನಿಕಿ ವೇಸಿಸ್ತಾರಾ?" ಎಂದು ತೆಲುಗಿನಲ್ಲಿ ಕೇಳಿದ. ಜಿಪ್ ಹೋಗಿದೆ, ಸಂಜೆಯೊಳಗೆ ಹಾಕಿಕೊಡಬೇಕಂತೆ. ಜಿಪ್ ತಾನೇ, ಅದೇನು ಮಹಾ ಎಂದು ಗಂಟು ಬಿಚ್ಚಿದೆ. ಬಿಚ್ಚುತ್ತಾ ಹೋದರೆ ಜಿಪ್ಪು ಮುಗಿಯುತ್ತಲೇ ಇಲ್ಲ. ನನ್ನಷ್ಟು ಎತ್ತರಕ್ಕಿತ್ತು. ಇದು ಯಾವ ಪುಣ್ಯಾತ್ಮನ ಪ್ಯಾಂಟು ಎಂದು ಕೇಳಿದ್ದಕ್ಕೆ ಅವನು ನಕ್ಕು, ಪ್ಯಾಂಟಲ್ಲ ಅಮ್ಮಾ, ಟೆಂಟು ಎಂದ. ಹಕ್ಕಿಗಳನ್ನು ನೋಡಲು ಊರೂರು ತಿರುಗುವವನಂತೆ. ಭೈರವಾನಿತಿಪ್ಪ ಡ್ಯಾಮಿನ ಹಿನ್ನೀರಿನಲ್ಲಿ ನೆಲದ ತುಂಡೊಂದು ನೀರಿನೊಳಗೆ ನಾಲಿಗೆ ಚಾಚಿದ ಹಾಗೆ ಹೋಗಿದೆ, ಮೂರು ಕಡೆ ನೀರು, ಒಂದು ಕಡೆ ಮಾತ್ರ ದಾರಿ, ಅದರ ತುದಿಯಲ್ಲಿ ಈ ಟೆಂಟು ಹಾಕಿ ಮಲಗುತ್ತೇನೆ ಎಂದು ಮೇಜಿನ ಮೇಲಿದ್ದ ಸೀಮೆಸುಣ್ಣದಲ್ಲೇ ಬರೆದು ತೋರಿಸಿದ.

ಅವನು ಅತ್ತ ಹೋದ. ನಾನು ಜಿಪ್ ಹಾಕಿದೆ. ಹಾಕಿದ ಮೇಲೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವುದು ಹೊಲಿದವಳ ಧರ್ಮ ಅಲ್ಲವೇ? ಹಾಗೆಂದು ನನಗೆ ನಾನೇ ಹೇಳಿಕೊಂಡು, ಮನೆಯ ಪಡಸಾಲೆಯಲ್ಲಿ ಅದನ್ನು ಎಬ್ಬಿಸಿ ನಿಲ್ಲಿಸಿ, ಒಳಗೆ ತೆವಳಿ, ಜಿಪ್ ಎಳೆದುಕೊಂಡು ಕೂತೆ. ಹಸಿರು ಬೆಳಕು. ಹೊರಗೆ ಓಡಾಡುವ ಆಟೋ ಸದ್ದು ಕೂಡ ಎಲ್ಲೋ ದೂರದ್ದು ಎನಿಸಿತು. ಎಷ್ಟು ಹೊತ್ತು ಕೂತಿದ್ದೆನೋ, ಊಟಕ್ಕೆ ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತುಬಿಟ್ಟರು.

"ಒಳಗ ಯಾರದೀರಿ?" ಎಂದು ಬಹುವಚನದಲ್ಲಿ ಕೇಳಿದರು. ಮದುವೆಯಾದ ಮೇಲೆ ಅವರು ನನಗೆ ಅಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು.

"ನಾನೇರಿ," ಎಂದೆ.

"ಯಾಕ, ಏನಾತು ನಿನಗ? ಹೊರಗ ಬಾ, ರೊಟ್ಟಿ ಹಾಕು."

ಹೊರಗೆ ಬಂದೆ, ರೊಟ್ಟಿ ಹಾಕಿದೆ. ಆದರೆ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು.

ಅದರ ಕಾರಣ ಹೇಳಬೇಕೆಂದರೆ ಅಮರಾಪುರದ ಕಡೆಗೆ ಹೋಗಬೇಕು. ನನ್ನ ತವರು ಅದು. ಅಪ್ಪ ಕುರಿ ಕಾಯುತ್ತಿದ್ದ. ಸುಗ್ಗಿ ಮುಗಿದ ಮೇಲೆ ಖಾಲಿ ಹೊಲಗಳಲ್ಲಿ ಮಂದೆ ನಿಲ್ಲಿಸಲು ರೈತರು ಕರೆಯುತ್ತಿದ್ದರು. ರಾತ್ರಿಯೆಲ್ಲ ಕುರಿಗಳು ಅಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ. ಹಾಗಾಗಿ ಬೇಸಿಗೆ ಪೂರ್ತಿ ಅಪ್ಪ ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಕೆರೆಯಂಗಳ ಎಂದು ಬಯಲಲ್ಲೇ ಮಲಗುತ್ತಿದ್ದ. ಶಾಲೆಗೆ ರಜೆ ಕೊಟ್ಟ ಕೂಡಲೇ ನನ್ನ ತಮ್ಮ ರಂಗನನ್ನೂ ಕರೆದುಕೊಂಡು ಹೋಗುತ್ತಿದ್ದ. ರಂಗನಿಗೆ ಆಗ ಏಳು ವರ್ಷ, ನನಗೆ ಹತ್ತು. ನಾನು ಹೆಣ್ಣುಮಗಳು. ಹೆಣ್ಣುಮಕ್ಕಳು ಮಂದೆಯ ಹತ್ತಿರ ಮಲಗುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಬುತ್ತಿಗೆ ಮುದ್ದೆ ಕಟ್ಟಿಕೊಡುವುದು ಮಾತ್ರ ನನ್ನ ಪಾಲಿಗೆ.

ಒಂದು ವರ್ಷ ನಾನೂ ಒಂದು ಲಂಗ, ಒಂದು ಹೊದಿಕೆ ಗಂಟು ಕಟ್ಟಿಕೊಂಡು ಕುರಿರೊಪ್ಪದ ಬಾಗಿಲಲ್ಲಿ ಹೋಗಿ ಕೂತೆ. ಅಪ್ಪ ಬಂದು ನೋಡಿದ. ಬೈಯಲಿಲ್ಲ. ಗಂಟನ್ನು ನನ್ನ ತೊಡೆಯ ಮೇಲಿಂದ ಎತ್ತಿ ಅಮ್ಮನ ಕೈಗೆ ಕೊಟ್ಟು, ರಂಗನ ಕೈ ಹಿಡಿದುಕೊಂಡು ಹೊರಟ. ತಿರುಗಿ ಕೂಡ ನೋಡಲಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ಆದರೂ ನಿಜ ಹೇಳುತ್ತೇನೆ, ಆ ಒಂದು ಸಿಟ್ಟು ನನ್ನೊಳಗೆ ಹಾಗೇ ಇತ್ತು. ಕರೆದುಕೊಂಡು ಹೋಗದಿದ್ದರೆ ಹೋಗಲಿ, ನಮ್ಮ ಲಚ್ಚಿಗೂ ಆಸೆಯಿರಬಹುದು ಎಂದು ಅವನಿಗೆ ಅನಿಸಿತಾದರೂ ಅನಿಸಿತೇ?

ರಜೆ ಮುಗಿದು ರಂಗ ವಾಪಸು ಬಂದರೆ ನಾನು ಪೊಲೀಸರಿಗಿಂತ ಹೆಚ್ಚಾಗಿ ವಿಚಾರಣೆ ಮಾಡುತ್ತಿದ್ದೆ. ಕತ್ತಲಲ್ಲಿ ಏನು ಕಾಣಿಸುತ್ತದೆ? ಏನು ಕೇಳಿಸುತ್ತದೆ? ಕುರಿಗಳು ನಿದ್ದೆಯಲ್ಲಿ ಏನು ಮಾಡುತ್ತವೆ? ರಂಗ ಗೋಡೆಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, ಒಂದೊಂದೇ ಬಿಡುತ್ತಿದ್ದ. ಚುಕ್ಕಿ ಬೀಳುವಾಗ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಸದ್ದಾಗುತ್ತದಂತೆ. ಮುದಿ ಟಗರೊಂದು ನಿದ್ದೆಯಲ್ಲಿ ಹಲ್ಲು ಕಡಿಯುತ್ತದಂತೆ. ನರಿಯೊಂದು ದಿನಾ ಬಂದು ದೂರದಲ್ಲಿ ಕೂತು, ಅಪ್ಪ ಕೆಮ್ಮಿದ ಕೂಡಲೇ ಎದ್ದು ಹೋಗುತ್ತದಂತೆ. ಕೆರೆಯ ನೀರಿನ ಮೇಲೆ ಬೆಳಗಿನ ಜಾವ ಬಿಳಿ ಹೊಗೆ ನಡೆದಾಡುತ್ತದಂತೆ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಮುಂದೆ ಮದುವೆಯಾಗಿ ಮಕ್ಕಳಾದ ಮೇಲೆ ಅವರಿಗೂ ಅದನ್ನೇ ಹೇಳಿ ಉಣ್ಣಿಸಿದ್ದೇನೆ, ಸ್ವಂತ ಕಣ್ಣಿಂದ ನೋಡಿದವಳ ಹಾಗೆ.

ನನಗೀಗ ಐವತ್ತಾರು. ಲೆಕ್ಕ ಹಾಕಿ ನೋಡಿದರೆ ಈವರೆಗೆ ನಾನು ಮಲಗಿದ್ದು ತವರಿನಲ್ಲಿ, ಗಂಡನ ಮನೆಯಲ್ಲಿ, ಇಲ್ಲವೇ ಒಬ್ಬರಲ್ಲ ಒಬ್ಬರು ನೆಂಟರ ಮನೆಯಲ್ಲಿ. ಮಾಳಿಗೆಯ ಮೇಲೆ ಮಲಗಿದ್ದುಂಟು. ಆದರೆ ಅಲ್ಲಿ ಮಲಗಿದರೂ ಕೆಳಗಿನಿಂದ ನಮ್ಮತ್ತೆಯ ಕೆಮ್ಮು ಕೇಳಿಸುತ್ತಿತ್ತು. ಅದೆಂಥ ಬಯಲು! ಸೂರಿಲ್ಲದ ಕಡೆ, ನೆಂಟರಿಲ್ಲದ ಕಡೆ, ಒಂದೇ ಒಂದು ರಾತ್ರಿ ಮಲಗಿ ಅಲ್ಲೇನಿರುತ್ತದೆ ಎಂದು ನೋಡಬೇಕು. ಇಷ್ಟೇ ನನ್ನ ಆಸೆ. ಇನ್ನೂ ತಡ ಮಾಡಿದರೆ ನನ್ನ ಮೊಣಕಾಲು ನೆಲಕ್ಕೆ ಕೂರಲು ಒಪ್ಪುವುದಿಲ್ಲ ಎಂಬ ಭಯವೂ ಇತ್ತು.

ಆ ದಿನ ಮಧ್ಯಾಹ್ನ ಮೂರನೆಯ ರೊಟ್ಟಿ ಹಾಕುವಾಗ ಮನೆಯವರಿಗೆ ಹೇಳಿಯೇ ಬಿಟ್ಟೆ. ಅವರು ಕಟಿಂಗ್ ಮಾಸ್ತರು. ಯಾವ ಮಾತಿಗೂ ತಟ್ಟನೆ ಉತ್ತರ ಕೊಡುವವರಲ್ಲ, ಮೊದಲು ಮನಸ್ಸಿನಲ್ಲಿ ಗೆರೆ ಹಾಕಿಕೊಳ್ಳುತ್ತಾರೆ.

"ಮನಿ ಕಟ್ಟಿಸಿ ಹನ್ನೆರಡು ವರ್ಷ ಆತು. ಅದರಾಗ ಮಲಗೂದು ಬಿಟ್ಟು ಡ್ಯಾಮಿನ ದಂಡಿಗೆ ಯಾಕ?"

"ನೋಡಾಕ್ರಿ."

"ಏನ್ ನೋಡಾಕ?"

"ಗೊತ್ತಿಲ್ಲರಿ. ಅದಕ್ಕೇ."

ಅವರು ಬೆರಳಿನಿಂದ ಶೇಂಗಾ ಚಟ್ನಿಯಲ್ಲಿ ಒಂದು ಗೆರೆ ಎಳೆದರು. ಆಮೇಲೆ, "ಮೊದಲು ಜಾಗ ನೋಡೂಣು. ಜಾಗದ ಅಳತಿ ಇಲ್ದ ಏನೂ ಹೇಳಾಕ ಬರಂಗಿಲ್ಲ," ಎಂದರು. ನಾನು ಇನ್ನೊಂದು ರೊಟ್ಟಿ ಹಾಕಿದೆ.

ಭಾನುವಾರ ಬೈಕಿನಲ್ಲಿ ಹೋದೆವು. ಶಾಲೆಯಲ್ಲಿ ಮೂರು ಕಡೆ ನೀರಿದ್ದರೆ ಪರ್ಯಾಯ ದ್ವೀಪ ಎಂದು ಬಾಯಿಪಾಠ ಮಾಡಿದ್ದೆ. ನಮ್ಮ ದೇಶವೇ ಹಾಗಿದೆ ಎಂದು ಮೇಷ್ಟ್ರು ಹೇಳಿದ್ದರಿಂದ ಅದೇನೋ ಬಹಳ ದೊಡ್ಡದಿರಬೇಕು ಎಂದುಕೊಂಡಿದ್ದೆ. ಇದು ನೋಡಿದರೆ ಮೂರು ಸೀರೆ ಉದ್ದುದ್ದ ಹಾಸಿದಷ್ಟು ಅಗಲ. ಜಾಲಿ ಗಿಡ, ಒಣಗಿ ಬಿರಿದ ಮಣ್ಣು, ಕಾಲಿಗೆ ಸಿಕ್ಕುವ ಸಣ್ಣ ಸಣ್ಣ ಚಿಪ್ಪುಗಳು. ತುದಿಗೆ ಹೋಗಿ ನಿಂತರೆ ಎಡಕ್ಕೂ ನೀರು, ಬಲಕ್ಕೂ ನೀರು, ಎದುರಿಗೂ ನೀರು. ನೀರುಕಾಗೆಯೊಂದು ಮುಳುಗಿತು, ಅದು ಎಲ್ಲಿ ಏಳುತ್ತದೆ ಎಂದು ನಾವಿಬ್ಬರೂ ಪಂದ್ಯ ಕಟ್ಟಿದೆವು, ಇಬ್ಬರೂ ಸೋತೆವು. ಮನೆಯವರು ಟೇಪು ತೆಗೆದು ನೆಲ ಅಳೆಯತೊಡಗಿದರು.

ಅದನ್ನು ನೋಡಿ ಕಾಲುವೆ ಕಾಯುವ ಲಸ್ಕರ್ ಓಡಿಬಂದ. ಜಾಗ ಅಳೆಯುವವರನ್ನು ಕಂಡರೆ ಯಾರಿಗಾದರೂ ಗಾಬರಿಯೇ. ವಿಷಯ ಕೇಳಿದ ಮೇಲೆ ಅವನ ಗಾಬರಿ ಇನ್ನೂ ಜಾಸ್ತಿಯಾಯಿತು.

"ಎಂದುಕಮ್ಮಾ ಇಕ್ಕಡ ಪಡುಕೋವಡಂ? ಇಲ್ಲು ಲೇದಾ?" ಎಂದ. ಮನೆ ಇಲ್ಲವೇ ನಿಮಗೆ, ಇಲ್ಲಿ ಯಾಕೆ ಮಲಗುತ್ತೀರಿ ಎಂದು ಪಾಪ ಕನಿಕರದಿಂದಲೇ ಕೇಳಿದ.

"ಇಲ್ಲು ಉಂದಿ, ಈಮೆಕೇ ಚಾಲದು," ಎಂದರು ನಮ್ಮ ಮನೆಯವರು ಟೇಪು ಸುತ್ತುತ್ತಾ. ಮನೆ ಇದೆ, ಇವಳಿಗೇ ಸಾಲದು!

ಲಸ್ಕರ್ ನಕ್ಕ. ನಕ್ಕ ಮೇಲೆ ನಮ್ಮ ಪಕ್ಷಕ್ಕೆ ಬಂದ. ಬರುವ ಮುಂಚೆ ತನಗೊಂದು ಫೋನ್ ಮಾಡಬೇಕು, ನೀರು ಏರುವ ದಿನವಾದರೆ ಬೇಡ ಎನ್ನುತ್ತೇನೆ ಎಂದು ಹೇಳಿ, ನಂಬರನ್ನು ಎರಡು ಸಲ ಬರೆಸಿದ.

ಜಾಗವಾಯಿತು. ಇನ್ನು ಬೇಕಾದದ್ದು ಅನುಭವಸ್ಥರು. ಅಮರಾಪುರಕ್ಕೆ, ರಂಗನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಬಯಲ ಕಥೆ ಹೇಳಿದವನು ಕೇಳಿದ ಕೂಡಲೇ ಕುಣಿದಾಡುತ್ತಾನೆ ಎಂದುಕೊಂಡಿದ್ದೆ.

"ಅಕ್ಕ, ಅಲ್ಲಿ ಗಾಳಿ ಜಾಸ್ತಿ ಕಣಕ್ಕ," ಎಂದ.

"ನೀನು ಯಾವಾಗ ನೋಡಿದ್ದೆ?"

"ಡ್ಯಾಮ್ ಅಂದ್ಮೇಲೆ ಗಾಳಿ ಇರಲ್ವೇ?"

ಮರುದಿನ ಹಾವಿನ ವಿಷಯ ತೆಗೆದ. ಅದರ ಮರುದಿನ ಸೊಳ್ಳೆ. ಆಮೇಲೆ ಅವನ ಕಡಲೆಕಾಯಿ ಕೀಳುವುದಿತ್ತು. ಅದು ಮುಗಿದರೆ ಸೊಂಟ ಹಿಡಿದಿತ್ತು. ತಿಳಿದವನು ಎಲ್ಲ ಕಡೆಯಿಂದ ಯೋಚಿಸುತ್ತಿದ್ದಾನೆ ಎಂದು ನಾನು ಇನ್ನೂ ಗೌರವದಿಂದಲೇ ಕೇಳಿಸಿಕೊಂಡೆ. ನೀನು ಬರದಿದ್ದರೆ ನಾವಿಬ್ಬರೇ ಹೋಗುತ್ತೇವೆ ಎಂದ ಮೇಲೆ, ಎರಡು ಬಸ್ಸು ಬದಲಾಯಿಸಿ, ಒಂದು ಚೀಲ ರಾಗಿ ಹಿಟ್ಟು ಹಿಡಿದುಕೊಂಡು ಬಂದಿಳಿದ. ಬಂದವನು ಬಾವನ ಹತ್ತಿರ ಮೊದಲು ಕೇಳಿದ್ದು, "ಬಾವ, ಒಳಗಡೆಯಿಂದ ಚಿಲಕ ಹಾಕಂಬೋದಾ?"

ಅಷ್ಟರಲ್ಲಿ ಮನೆಯವರು ಗುಡಾರದ ಕೆಲಸಕ್ಕೆ ಕೂತಾಗಿತ್ತು. ಕೊಂಡು ತರುವ ಮಾತೆತ್ತಿದರೆ ಕಟಿಂಗ್ ಮಾಸ್ತರಿಗೆ ಅವಮಾನ. ಹಸಿರು ಟೆಂಟನ್ನು ಸಂಜೆ ಗಿರಾಕಿ ಒಯ್ಯುವ ಮುಂಚೆ ಕಾಗದದ ಮೇಲೆ ಅದರ ನಕ್ಷೆ ತೆಗೆದಿಟ್ಟಿದ್ದರು. ಪೂರ್ತಿ ಜೀನ್ಸ್ ಬಟ್ಟೆಯಲ್ಲೇ ಮಾಡೋಣ ಎಂದರು. ನೆನೆದ ಜೀನ್ಸ್ ಹಿಂಡಿದವಳಿಗೆ ಗೊತ್ತು ಅದರ ತೂಕ, ಬೇಡವೇ ಬೇಡ ಎಂದೆ. ಕೊನೆಗೆ ಕೆಳಗಿನ ಹಾಸು ಜೀನ್ಸು, ಮೇಲಿನದು ಜೇಬಿನೊಳಗೆ ಹಾಕುವ ತೆಳು ಬಿಳಿ ಬಟ್ಟೆ ಎಂದು ರಾಜಿಯಾಯಿತು. ಹಗ್ಗ ಕಟ್ಟಲು ಬೆಲ್ಟ್ ಪಟ್ಟಿಗಳನ್ನೇ ಹೊಲಿದೆ. ಅವರು ಕೈ ಸುಮ್ಮನಿರದೆ ಒಳಗೆರಡು, ಹೊರಗೆರಡು ಜೇಬು ಇಡಿಸಿದರು. ಬಾಗಿಲಿಗೆ ಹಿತ್ತಾಳೆ ಗುಂಡಿ. ಊಟಕ್ಕೆ ಏನು ಒಯ್ಯುವುದು ಎಂಬುದಕ್ಕೆ ಮಾತ್ರ ಮೂವರಲ್ಲೂ ಒಪ್ಪಂದವಾಗಲಿಲ್ಲ. ರಂಗನಿಗೆ ಬಿಸಿ ಮುದ್ದೆಯೇ ಆಗಬೇಕು, ಇವರಿಗೆ ಒಣ ಕಟಿ ರೊಟ್ಟಿ, ನನಗೆ ಮಂಡಕ್ಕಿ ಒಗ್ಗಾಣಿ ಮಿರ್ಚಿ. ಮೂರನ್ನೂ ಒಯ್ಯುವುದೆಂದು ತೀರ್ಮಾನಿಸಿದೆವು.

ಹೊಲಿಗೆಗೆ ಮುಂಚೆ ಅಳತೆ. ಇವರು ನಮ್ಮಿಬ್ಬರನ್ನೂ ನಿಲ್ಲಿಸಿ ಭುಜದಿಂದ ಭುಜಕ್ಕೆ ಟೇಪು ಹಿಡಿದರು, ತಮ್ಮದನ್ನು ನನ್ನಿಂದ ಹಿಡಿಸಿದರು, ಮೂರನ್ನೂ ಕೂಡಿಸಿ ಒಬ್ಬೊಬ್ಬರಿಗೆ ಒಂದೊಂದು ಇಂಚು ಲೂಸು ಸೇರಿಸಿದರು. ಮೂರು ದಿನದಲ್ಲಿ ಗುಡಾರ ಸಿದ್ಧವಾಯಿತು. ಪಡಸಾಲೆಯಲ್ಲಿ ಎಬ್ಬಿಸಿ, ಮೂವರೂ ಒಳಗೆ ಹೋಗಿ ಮಲಗಿದೆವು.

ಮಲಗಿದೆವು ಎಂದೆ, ಅದು ತಪ್ಪು. ತುರುಕಿಕೊಂಡೆವು. ನಡುವೆ ನಾನು, ಆ ಕಡೆ ಗಂಡ, ಈ ಕಡೆ ತಮ್ಮ. ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಎದೆಯ ಮೇಲೆ ಕಟ್ಟಿಕೊಂಡಿದ್ದೆ. ರಂಗ ಮಗ್ಗುಲಾದ, ಗೋಡೆಯ ಬಟ್ಟೆ ಕಿತ್ತುಬರುವಂತಾಯಿತು. ಇವರು ಉಸಿರೆಳೆದರೆ ನಮಗೆ ಉಸಿರು ಬಿಡಲು ಜಾಗವಿಲ್ಲ.

"ಅಳತಿ ಸರಿ ಐತಿ," ಎಂದರು ಇವರು ಗುಡಾರದ ನೆತ್ತಿ ನೋಡುತ್ತಾ, "ಮಂದಿ ಸರಿ ಇಲ್ಲ."

ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಮೂವರೂ ಅಲುಗಾಡಿದೆವು. ನಕ್ಕು ಸುಸ್ತಾದ ಮೇಲೆ ನಮ್ಮ ಗಂಡಹೆಂಡಿರಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಇಷ್ಟು ವರ್ಷ ಊರಿನ ಎಷ್ಟು ಜನಕ್ಕೆ ಅಳತೆ ತೆಗೆದಿಲ್ಲ ನಾವು! ಎಲ್ಲರನ್ನೂ ನೆಟ್ಟಗೆ ನಿಲ್ಲಿಸಿ, ಕೈ ಕೆಳಗೆ ಬಿಡಿಸಿ. ಮಲಗಿದ ಮನುಷ್ಯ ಎಷ್ಟು ಅಗಲವಿರುತ್ತಾನೆ ಎಂದು ಒಂದು ದಿನವೂ ನೋಡಿರಲಿಲ್ಲ. ಮಲಗಿದವರು ಬಟ್ಟೆ ಹೊಲಿಸಲು ಬರುವುದಿಲ್ಲವಲ್ಲ.

ತಪ್ಪು ತಿಳಿದ ಮೇಲೆ ಇವರನ್ನು ಹಿಡಿಯುವವರಿಲ್ಲ. ಗುಡಾರ ಎತ್ತಿ ಬದಿಗಿಟ್ಟು, ಸೀಮೆಸುಣ್ಣ ಹಿಡಿದು, "ಒಬ್ಬೊಬ್ಬರಾ ನೆಲದ ಮ್ಯಾಲೆ ಮಲಕ್ಕೋರಿ. ಖರೇನ ನಿದ್ದಿ ಮಾಡಿದಂಗ," ಎಂದರು. ನಾನು ಮಲಗಿದೆ. ಸುತ್ತ ಗೆರೆ ಎಳೆದರು. ಎದ್ದು ನೋಡಿದರೆ ಒಂದು ಕೈ ಪೂರ್ವಕ್ಕೆ, ಒಂದು ಕಾಲು ಪಶ್ಚಿಮಕ್ಕೆ, ಅರ್ಧ ಪಡಸಾಲೆ ನನ್ನದೇ. ಇಷ್ಟು ವರ್ಷ ಈ ಮನುಷ್ಯ ಎಲ್ಲಿ ಮಲಗುತ್ತಿದ್ದರೋ ಎಂದು ನಾಚಿಕೆಯಾಯಿತು. ಅವರ ಗೆರೆ ನಾನು ಎಳೆದೆ. ಬದುಕಿನಲ್ಲಿ ಹೇಗೋ ಹಾಗೇ, ಸ್ಕೇಲಿಟ್ಟ ಹಾಗೆ ನೆಟ್ಟಗೆ.

ಕೊನೆಗೆ ರಂಗ. ಬೇಡ ಬೇಡ ಎಂದ. ಸೊಂಟ ಎಂದ. ಬಿಡಲಿಲ್ಲ. ಮಲಗಿ, ಕಣ್ಣು ಮುಚ್ಚಿದ. ಒಂದು ಗಳಿಗೆ ಸುಮ್ಮನಿದ್ದವನು ತನಗೇ ತಿಳಿಯದಂತೆ ಮಗ್ಗುಲಾಗಿ, ಮೊಣಕಾಲನ್ನು ಎದೆಗೆ ಎಳೆದುಕೊಂಡು, ಹೆಗಲ ಮೇಲಿನ ಟವೆಲನ್ನು ತಲೆಯ ಮೇಲೆ ಹೊದ್ದು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಇವರು ಗೆರೆ ಎಳೆದರು. ರಂಗ ಎದ್ದ. ನೆಲದ ಮೇಲೆ ಉಳಿದ ಗೆರೆ ಐವತ್ತು ದಾಟಿದ ಗಂಡಸಿನದಾಗಿರಲಿಲ್ಲ. ಏಳು ವರ್ಷದ ಹುಡುಗನದಿದ್ದ ಹಾಗಿತ್ತು.

ನಾನು ಬಗ್ಗಿ ಆ ಗೆರೆಯ ಮೊಣಕಾಲಿನ ಮೇಲೆ ಬೆರಳಿಟ್ಟೆ.

"ಹಿಂಗೇ ಮಲಗ್ತೀಯೇನೋ ದಿನಾ?" ಎಂದೆ.

"ಅಭ್ಯಾಸ ಕಣಕ್ಕ," ಎಂದ. ಆಮೇಲೆ ಟವೆಲ್ ಮಡಚುತ್ತಾ, ಮತ್ತೆ ಬಿಚ್ಚುತ್ತಾ, ನೆಲ ನೋಡುತ್ತಲೇ ಹೇಳಿದ. "ಮಂದೇತಾವ ಹಿಂಗೇ ಮಲ್ಕಂತಿದ್ದೆ. ನಿಂಗೆ ಹೇಳಿದ್ನಲ್ಲ, ಚುಕ್ಕಿ, ನರಿ, ಹೊಗೆ, ಅದ್ಯಾವ್ದೂ ನಾನು ನೋಡಿಲ್ಲ. ಭಯ ಕಣಕ್ಕ. ಹೊತ್ತು ಮುಳುಗ್ತಿದ್ದಂಗೆ ಕಂಬಳಿ ಒಳಗೆ ಹೋದ್ರೆ, ಬಿಸಿಲು ಬಂದ್ಮೇಲೇನೇ ಮುಖ ಹೊರಗಾಕ್ತಿದ್ದೆ. ನೀನು ಕೇಳ್ತಿದ್ದೆ. ಏನಾನ ಹೇಳ್ಬೇಕಲ್ಲ?"

ನಲವತ್ತಾರು ವರ್ಷ ನಾನು ಜೋಪಾನ ಮಾಡಿಕೊಂಡು ಬಂದ ಬಯಲೆಲ್ಲ ಕಂಬಳಿಯೊಳಗೆ ಹುಟ್ಟಿದ್ದು! ಅವನ ಬೆನ್ನಿಗೊಂದು ಗುದ್ದು ಕೊಡಬೇಕೆನಿಸಿತು. ಮಕ್ಕಳಿಗೆ ನಾನು ಹೇಳಿದ್ದೆಲ್ಲ ಏನಾಯಿತು ಎಂದು ಯೋಚಿಸಿದರೆ ನಗುವೂ ಬಂತು.

"ಬರಲ್ಲ ಅಂತ ಅಪ್ಪನಿಗೆ ಹೇಳಬಾರದಿತ್ತೇನೋ?"

"ಹೇಳಿದ್ದೆ. ದಿನಾ ಅಳ್ತಿದ್ದೆ. ಅಮ್ಮ ಒಪ್ಪಲ್ಲ, ಊರೋರು ನಗ್ತಾರೆ, ಗಂಡುಮಗನ್ನ ಬಿಟ್ಟು ಹೆಣ್ಣುಮಗಳ್ನ ಹೆಂಗೆ ಕರ್ಕಂಡು ಬರ್ಲಿ ಅನ್ನೋನು." ರಂಗ ಈಗ ತಲೆ ಎತ್ತಿ ನನ್ನನ್ನು ನೋಡಿದ. "ಬೆಳಿಗ್ಗೆ ಎದ್ದು ಕಂಬಳಿ ತೆಗ್ದು ನನ್ನ ಮುಖ ನೋಡಿ ದಿನಾ ಒಂದೇ ಮಾತು ಅಕ್ಕ. 'ನಮ್ಮ ಲಚ್ಚಿ ಬಂದಿದ್ರೆ ರಾತ್ರಿಯೆಲ್ಲ ಎದ್ದು ಕೂತು ಅದೇನು, ಇದೇನು ಅಂತ ಕೇಳಿ ನನ್ನ ಜೀವ ತಿಂತಿದ್ಲು. ಅವಳು ಬರ್ಬೇಕಾಗಿತ್ತು ಕಣೋ.' ಅಪ್ಪ ಅಂಗಂತಿದ್ದ ಅಂತ ನಿಂಗೆ ಹೇಳಕ್ಕೆ ನನಗೆ ಹೊಟ್ಟೆಕಿಚ್ಚು. ಅದಕ್ಕೇ ಹೇಳ್ಲಿಲ್ಲ."

ನಾನು ಮಷಿನ್ ಮುಂದಿನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಪ್ಪ ತಿರುಗಿ ನೋಡದೆ ಹೋದದ್ದು ಈವರೆಗೆ ನೂರು ಸಲ ನೆನಪಾಗಿದೆ. ತಿರುಗಿ ನೋಡಿದ್ದರೆ ಅವನಿಗೆ ಹೋಗಲು ಆಗುತ್ತಿರಲಿಲ್ಲವೋ ಏನೋ ಎಂದು ಒಂದು ಸಲವೂ ಹೊಳೆದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ, ಮತ್ತೆ ಬಂತು. ಇವರು ಒಂದು ಲೋಟ ನೀರು ತಂದು ಮಷಿನ್ ಮೇಲಿಟ್ಟರು.

ರಂಗ ಮೆಲ್ಲಗೆ, "ಅಕ್ಕ, ಇನ್ನು ನಿಂಗೆ ಬಯಲು ಬ್ಯಾಡ ಅನ್ಸಿದ್ರೆ ಬ್ಯಾಡ. ನಾನು ಊರಿಗೆ ಹೋಗ್ತೀನಿ," ಎಂದ.

"ಎಲ್ಲಿಗೂ ಹೋಗಬೇಡ," ಎಂದೆ. "ಶನಿವಾರ ಹೊರಡೋದೇ. ಆ ಗುಡಾರ ನಿನಗೂ ನಿಮ್ಮ ಬಾವನಿಗೂ. ಒಳಗಡೆ ಗುಂಡಿ ಹಾಕ್ಕೊಂಡು, ಕಂಬಳಿ ಹೊದ್ಕೊಂಡು ಆರಾಮಾಗಿ ಮಲಗು."

"ಮತ್ತೆ ನೀನು?"

"ನಾನು ಹೊರಗಿರ್ತೀನಿ. ಅಲ್ಲಿ ಏನೇನಿತ್ತು ಅಂತ ಬೆಳಿಗ್ಗೆ ನಿನಗೆ ಹೇಳ್ತೀನಿ."